ನೀರುಗಂಟಿ ಮಾವನ ಗಾಜಿನ ಗದ್ದೆ

ನೀರಿನ ವಿಷಯದಲ್ಲಿ ನನ್ನ ಮಾವನಿಗೆ ಬುದ್ಧಿ ಹೇಳಲು ಹೋಗಿ ಗೆದ್ದವರಿಲ್ಲ. ನಾನೂ ಗೆದ್ದಿಲ್ಲ, ಬಾಯಿ ಮಾತ್ರ ಜೋರು ಮಾಡಿದ್ದೇನೆ.

ಮಾವನ ಹೆಸರು ಲಿಂಗಯ್ಯ. ಬಸರಾಳು ಹೋಬಳಿಯ ನಮ್ಮ ಊರಿನಲ್ಲಿ ಮೂವತ್ತೆರಡು ವರ್ಷ ನೀರುಗಂಟಿಯಾಗಿದ್ದವರು. ನಾಲೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವಾಗ ಕಟ್ಟಬೇಕು ಅನ್ನುವುದೆಲ್ಲ ಅವರ ಕೈಯಲ್ಲಿತ್ತು. ಜಗಲಿಯ ಮೇಲೆ ಅವರನ್ನು ಕೂರಿಸದ ಜನರೂ ಬೇಸಿಗೆ ಬಂದರೆ ‘ಲಿಂಗಯ್ಯ, ನಮ್ ಕಡೀಕೂ ಒಸಿ ನೋಡಪ್ಪ’ ಎಂದು ಗೋಗರೆಯುತ್ತಿದ್ದರಂತೆ. ಮಾವ ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಸ್ವಂತ ಬಾಮೈದನ ಗದ್ದೆಗೂ ಸರದಿ ಬಂದಾಗಲೇ ನೀರು. ಅದಕ್ಕೆ ಬಾಮೈದ ಎರಡು ವರ್ಷ ಮಾತು ಬಿಟ್ಟಿದ್ದ. ಮಾವ ಕ್ಯಾರೇ ಅನ್ನಲಿಲ್ಲ.

ಹೋದ ವರ್ಷ ಮಾವ, ಅತ್ತೆ ಪಟ್ಟಲಮ್ಮ ಇಬ್ಬರೂ ಗೆಜ್ಜಲಗೆರೆಯ ನಮ್ಮ ಮನೆಗೆ ಬಂದು ನೆಲೆಸಿದರು. ನನ್ನ ಗಂಡ ಶಿವರಾಜುಗೆ ಇಲ್ಲಿಯ ಕಾರ್ಖಾನೆಯಲ್ಲಿ ಶಿಫ್ಟು, ನನಗೆ ಮದ್ದೂರಿನ ಆಫೀಸೊಂದರಲ್ಲಿ ಕಂಪ್ಯೂಟರ್ ಕುಟ್ಟುವ ಕೆಲಸ. ಬಂದ ವಾರದಲ್ಲೇ ಮಾವ ನಲ್ಲಿ ನೀರಿಗೂ ಸರದಿ ಹಾಕಿಬಿಟ್ಟರು. ಬಚ್ಚಲಲ್ಲಿ ಎರಡು ಡ್ರಮ್ಮು, ಹಿತ್ತಲಲ್ಲಿ ಒಂದು. ಹಳೆಯ ನೀರು ಮುಗಿಯುವ ತನಕ ಹೊಸದನ್ನು ಮುಟ್ಟುವಂತಿಲ್ಲ! ಇದೇನು ಮನೆಯೋ ಅಣೆಕಟ್ಟೋ ಎಂದು ನಾನು ದಿನಾ ರೇಗುತ್ತಿದ್ದೆ. ಅವರು ಬೀಡಿ ಹಚ್ಚಿಕೊಂಡು ಹಿತ್ತಲಿಗೆ ನಡೆಯುತ್ತಿದ್ದರು.

ಮಗಳು ಪ್ರಿಯಾಂಕ ಏಳನೇ ಕ್ಲಾಸು. ಅವಳ ಗಾಜಿನ ತೊಟ್ಟಿಯಲ್ಲಿ ನಾಲ್ಕು ಗಪ್ಪಿ ಮೀನುಗಳಿದ್ದವು. ಹುಟ್ಟುಹಬ್ಬಕ್ಕೆಂದು ಒಂದು ಶನಿವಾರ ಮಂಡ್ಯದಿಂದ ಲೋಚ್ ಅನ್ನುವ ಮೀನು ತಂದುಕೊಟ್ಟೆ. ಬೆರಳುದ್ದ, ಮೈತುಂಬ ಪಟ್ಟೆ, ಬಾಯಿಯ ಸುತ್ತ ಪುಟ್ಟ ಮೀಸೆ. ಮೇಲೆ ಬರದೆ ತಳದಲ್ಲೇ ಮೂಸಿಕೊಂಡು ಓಡಾಡುವ ಜಾತಿ. ಅಂಗಡಿಯ ಸಂತೋಷ್ ಒತ್ತಿ ಒತ್ತಿ ಹೇಳಿದ್ದ: “ಅಕ್ಕಾ, ಇದ್ರ ಚರ್ಮ ಬಾಳ ನಾಜೂಕು. ಉಪ್ಪು, ಔಸ್ದಿ ಏನೂ ಆಕ್ಬೇಡಿ. ಒಂದೆರಡ್ ದಿನ ಅವಿತ್ಕತದೆ, ಅದ್ರ ಪಾಡ್ಗೆ ಬುಟ್ಬುಡಿ.” ಇದನ್ನು ಮಗಳಿಗೆ ಹೇಳಿದೆ. ಮನೆಯಲ್ಲಿ ಅತ್ತೆ ಮಾವನೂ ಇದ್ದಾರೆ ಅನ್ನುವುದು ನನ್ನ ಮಂಡೆಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡ ಶಿಫ್ಟಿಗೆ ಹೋದಮೇಲೆ ಅಕ್ಕಪಕ್ಕದವರೆಲ್ಲ ಮೀನು ನೋಡಲು ಬಂದರು. ಎದುರು ಮನೆಯ ಸಣ್ಣತಾಯಮ್ಮ ಗಾಜಿಗೆ ಮೂಗು ಒತ್ತಿ, “ಅಯ್ಯೋ, ಏನ್ ಚೆಂದಾಗದೆ ಕಣಮ್ಮಿ, ಒಳ್ಳೆ ರೇಸ್ಮೆ ಸೀರೆ ಉಟ್ಕಂಡಂಗದೆ!” ಅಂದುಬಿಟ್ಟರು. ಸಾಕಲ್ಲ. ಲೋಚ್ ಮೂಲೆಯಲ್ಲಿ ಅವಿತು ಕೂತಿದ್ದನ್ನು ನೋಡಿ ಮೀನಿಗೆ ದೃಷ್ಟಿಯಾಯಿತು ಎಂದು ಅತ್ತೆಗೆ ಅನ್ನಿಸಿದೆ. ನಾನು ಬಟ್ಟೆ ಒಗೆಯುತ್ತಿದ್ದಾಗ ಹಿಡಿ ತುಂಬ ಕಲ್ಲುಪ್ಪು ತೆಗೆದುಕೊಂಡು, ನಾಯಿ ಕಣ್ಣು, ನರಿ ಕಣ್ಣು, ಬಂದೋರ್ ಕಣ್ಣು, ನಿಂತೋರ್ ಕಣ್ಣು ಎಂದು ತೊಟ್ಟಿಗೆ ಮೂರು ಸಲ ನೀವಾಳಿಸಿದ್ದಾರೆ. ಹೊಸ ಕರು ಕೊಟ್ಟಿಗೆಗೆ ಬಂದಾಗಲೂ, ನಾನು ಸೊಸೆಯಾಗಿ ಹೊಸ್ತಿಲು ದಾಟಿದಾಗಲೂ ಅವರು ಮಾಡಿದ್ದು ಇದನ್ನೇ. ನೀವಾಳಿಸಿದ ಉಪ್ಪನ್ನು ನೀರಿನಲ್ಲಿ ಕರಗಲು ಬಿಡುವುದು ಪದ್ಧತಿ. ನೀರು ಎದುರಿಗೇ ಇತ್ತು. ಹಾಕಿದರು.

ಪ್ರಿಯಾಂಕ ಕಿರುಚಿದ್ದು ಕೇಳಿ ಸೋಪಿನ ಕೈಯಲ್ಲೇ ಓಡಿಬಂದೆ. ಗಪ್ಪಿಗಳು ಏನೂ ಆಗದವರ ಥರ ಮೇಲೆ ಈಜುತ್ತಿದ್ದವು. ಲೋಚ್ ಮಾತ್ರ ಗಾಜಿಗೆ ತಲೆ ಚಚ್ಚಿಕೊಂಡು, ಸುತ್ತಿ ಸುತ್ತಿ, ಕೊನೆಗೆ ತಳದಲ್ಲಿ ಪಕ್ಕಕ್ಕೆ ವಾಲಿ ಬಿದ್ದಿತು. ಪಕ್ಕದಲ್ಲೇ ಉಪ್ಪಿನ ಹರಳುಗಳು ಹೊಳೆಯುತ್ತಿದ್ದವು.

“ಅತ್ತೆ! ಏನ್ ಮಾಡ್ಬುಟ್ರಿ ನೀವು?”

“ದಿಷ್ಟಿ ತೆಗ್ದೆ ಕಣವ್ವ. ಮಂಕಾಗಿತ್ತಲ್ಲ.”

ಅಷ್ಟಕ್ಕೇ ನಾನು ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. “ನಿಮ್ ಕೈಗುಣವೇ ಸರಿಯಿಲ್ಲ. ಕೈಯಿಟ್ಟಿದ್ದೆಲ್ಲ ಹಾಳು!” ಅಂದೆ.

ಊರಿನಲ್ಲಿ ಎಷ್ಟೋ ಎಳೆಕೂಸುಗಳಿಗೆ ಎಣ್ಣೆನೀರು ಎರೆದ ಕೈ ಅದು. ಪ್ರಿಯಾಂಕ ಮೂರು ತಿಂಗಳ ಕೂಸಾಗಿದ್ದಾಗ ರಚ್ಚೆ ಹಿಡಿದರೆ ಆ ಕೈಗೆ ಹೋದಮೇಲೇ ಸುಮ್ಮನಾಗುತ್ತಿದ್ದಳು. ಅತ್ತೆ ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡರು. ಒಳಗೆ ಹೋಗಿ ಸೀರೆಗಳನ್ನು ಬ್ಯಾಗಿಗೆ ತುಂಬಿ ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತರು. “ಆ ಮೀನು ಸತ್ರೆ ಸಾಯಂಕಾಲದ ಬಸ್ಗೆ ನಾನು ಊರ್ಗೆ ಓಯ್ತೀನಿ. ಈ ಮನೇಲಿ ಇನ್ ಯಾವ್ದುನ್ನೂ ಮುಟ್ಟಕ್ಕಿಲ್ಲ,” ಅಂದರು. ಅತ್ತೆ ಸುಮ್ಮನೆ ಬೆದರಿಸುವ ಪೈಕಿಯಲ್ಲ, ಅಂದರೆ ಮಾಡುವವರು. ಆದರೂ ಹಾಳು ಕೋಪ, ತಪ್ಪಾಯಿತು ಅನ್ನಲು ಬಿಡಲಿಲ್ಲ.

ಕೂಡಲೇ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬೋಣ ಎಂದು ನಲ್ಲಿಯಿಂದ ಬಕೆಟ್ ಹಿಡಿದು ತಂದೆ. ಅಷ್ಟರಲ್ಲಿ ಮಾವ ಹಿತ್ತಲಿಂದ ಬಂದರು.

“ಮಡುಗು ಅದ್ನ!” ಅಂದರು. “ಮೂಸಿ ನೋಡು. ನಲ್ಲಿ ನೀರ್ಗೆ ಉಳ ಸಾಯ್ಲಿ ಅಂತ ಬಿಳೇ ಪುಡಿ ಆಕಿರ್ತಾರೆ. ಉಪ್ಪಲ್ಲಿ ಉಳ್ಕಂಡಿದ್ರೂ ಅದ್ರಲ್ಲಿ ಸಾಯ್ತದೆ.”

“ಮತ್ತೇನ್ ಮಾಡನ ಮಾವ? ಉಸಿರು ಎಳೀತಾ ಅದೆ ನೋಡಿ!”

“ಚೌಳ್ ಗದ್ದೇಗೆ ಏನ್ ಮಾಡ್ತೀವವ್ವ? ನೀರ್ ಕಟ್ಟೋದು, ಬಸಿಯೋದು. ಮತ್ ಕಟ್ಟೋದು, ಬಸಿಯೋದು. ನೆಲದಲ್ಲಿರೋ ಉಪ್ಪು ಅಂಗೇ ಓಯ್ತದೆ. ಒಂದೇ ಏಟ್ಗೆ ನುಗ್ಸುದ್ರೆ ಪೈರೇ ಕೊಚ್ಕಂಡ್ ಓಯ್ತದೆ.”

ಹೀಗೆ ಶುರುವಾಯಿತು ನೋಡಿ ನೀರುಗಂಟಿಕೆ. ಪಂಚೆ ಎತ್ತಿ ಕಟ್ಟಿ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಮೊದಲು ಟೀ ಸೋಸುವ ಜರಡಿಯಿಂದ ಕರಗದ ಹರಳುಗಳನ್ನೆಲ್ಲ ಎತ್ತಿದರು. ತೊಟ್ಟಿಯ ದೀಪ ಆರಿಸಿ, ಟವೆಲ್ಲಿನಿಂದ ಮೂರು ಕಡೆ ಮುಚ್ಚಿದರು. ಅರ್ಧ ತೆಂಗಿನ ಚಿಪ್ಪಿಗೆ ಬಾಗಿಲು ಕೊರೆದು ತಳದಲ್ಲಿ ಮಗುಚಿಟ್ಟರು. ಆಮೇಲೆ ಹಿತ್ತಲ ಡ್ರಮ್ಮಿನಲ್ಲಿ ನಿಂತು ಪುಡಿಯ ವಾಸನೆಯೆಲ್ಲ ಹಾರಿಹೋಗಿದ್ದ ಹಳೆಯ ನೀರು. ಒಂದು ಚೊಂಬು ತೆಗೆಯುವುದು, ಒಂದು ಚೊಂಬು ಬಿಡುವುದು. ಬಿಡುವಾಗ ಬೆರಳುಗಳನ್ನು ಅಡ್ಡ ಹಿಡಿದು, ನೀರಿಗೆ ನೀರು ಇಳಿದದ್ದೇ ಗೊತ್ತಾಗದಂತೆ. ನಾನು ಅವಸರಪಟ್ಟು ಎರಡು ಚೊಂಬು ಒಟ್ಟಿಗೆ ತಂದರೆ, “ತೂಬ್ಗೆ ನಿಂತೋರ್ ನಾನೋ ನೀನೋ?” ಎಂದು ಗದರಿದರು. ಪ್ರಿಯಾಂಕ ಅಳುತ್ತಲೇ ಕಿಸಕ್ಕೆಂದಳು.

ಮಧ್ಯೆ ಮಧ್ಯೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ರುಚಿ ನೋಡುತ್ತಿದ್ದರು. “ಇನ್ನೂ ಅದೆ,” ಅನ್ನುತ್ತಿದ್ದರು. ಊಟದ ಹೊತ್ತಾಯಿತು, ಯಾರೂ ಏಳಲಿಲ್ಲ. ಮೆಟ್ಟಿಲ ಮೇಲಿಂದ ಅತ್ತೆ ಕತ್ತು ತಿರುಗಿಸದೆಯೇ ಕೇಳುತ್ತಿದ್ದರು: “ಜೀವ ಅದೇನಾ?”

“ಅದೆ ಕಣಮ್ಮಿ, ಅದೆ,” ಎಂದು ಮಾವ.

ನಾಲ್ಕು ಗಂಟೆಗೆ ಲೋಚ್ ಒಮ್ಮೆ ಬಾಲ ಆಡಿಸಿತು. ಮತ್ತೆ ಬಿದ್ದುಕೊಂಡಿತು. ನನಗೆ ಅಳು ಬಂತು, ಮೀನಿಗೋ ಬ್ಯಾಗಿಗೋ ತಿಳಿಯದು. ಇನ್ನೂ ಏಳೆಂಟು ಚೊಂಬು ನೀರು ಹೋಗಿರಬೇಕು, ಇದ್ದಕ್ಕಿದ್ದಂತೆ ಅದು ನೆಟ್ಟಗಾಗಿ, ಸರಕ್ಕನೆ ಚಿಪ್ಪಿನೊಳಗೆ ನುಗ್ಗಿತು. ಬಾಗಿಲಲ್ಲಿ ಮೀಸೆ ಮಾತ್ರ ಅಲುಗುತ್ತಿತ್ತು.

“ತಾತಾ, ಮೀಸೆ! ಮೀಸೆ!” ಎಂದು ಪ್ರಿಯಾಂಕ ಕುಣಿದಳು. ಮಾವ ಬೆರಳು ನೆಕ್ಕಿ ನೋಡಿ, “ಈಗ ಸಪ್ಗಾಯ್ತು,” ಅಂದರು.

“ಗೆದ್ರಿ ಬುಡಿ ಮಾವ! ಅತ್ತೇಗೂ ನೀವೇ ಹೇಳ್ಬುಡಿ, ಬ್ಯಾಗ್ ಒಳಗ್ ಇಡ್ಲಿ,” ಅಂದೆ.

ಮಾವ ಮಂಡಿ ಹಿಡಿದುಕೊಂಡು ಎದ್ದರು. “ಉಪ್ಪು ನಾನ್ ಬಸ್ದೆ ಕಣವ್ವ. ಮಾತ್ ಆಡ್ದೋಳು ನೀನು. ಅದ್ನ ಬಸ್ಯಾಕೆ ನನ್ ಕೈಲಾಗಕ್ಕಿಲ್ಲ,” ಎಂದು ಬೀಡಿ ಹುಡುಕಿಕೊಂಡು ಹಿತ್ತಲಿಗೆ ಹೋದರು.

ನಾನು ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಅತ್ತೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

“ಅತ್ತೆ, ಕೋಪದಲ್ಲಿ ಆಡಬಾರದ ಮಾತು ಆಡ್ಬುಟ್ಟೆ. ತಪ್ಪಾಯ್ತು.”

“ಮೀನು ಬದುಕ್ತು ಅಂತ ಬಂದ್ಯಾ?” ಅಂದರು. “ಸತ್ತೋಗಿದ್ರೆ ಬತ್ತಿದ್ಯಾ?”

ಬರುತ್ತಿದ್ದೆ ಅನ್ನಲು ಬಾಯಿ ತೆರೆದೆ. “ಗೊತ್ತಿಲ್ಲ ಅತ್ತೆ,” ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. “ಸುಳ್ಳೇಳ್ನಿಲ್ವಲ್ಲ, ಅಷ್ಟ್ ಸಾಕ್ ಬುಡು. ತಗಾ ಈ ಬ್ಯಾಗ ಒಳೀಕ್ ಮಡುಗು. ಬೆಳ್ಗಿಂದ ಒತ್ಕಂಡು ತೊಡೆ ಜೋಮಿಡ್ದದೆ.”

ಬ್ಯಾಗು ತೆಗೆದುಕೊಂಡು ಒಳಗೆ ಹೋಗಿ, ಒಂದೊಂದೇ ಸೀರೆಯನ್ನು ಮಡಚಿ ಬೀರುವಿನಲ್ಲಿಟ್ಟೆ.