ಮಳೆಗಾಲದಲ್ಲಿ ಏರಿದ ಸರಾಸರಿ

೧೯೬೦ರ ಆಸುಪಾಸು. ನಾನು ಪುತ್ತೂರಿನಲ್ಲಿ ಒಂದು ಆರೋಗ್ಯ ಸಮೀಕ್ಷೆಯ ಸ್ಟಾಟಿಸ್ಟಿಕಲ್ ಅಸಿಸ್ಟೆಂಟ್. ರಾಮಕುಂಜದ ಒಂದು ಶಾಲೆಯಲ್ಲಿ ಮಕ್ಕಳಿಗೆ ದಿನವೂ ಹಾಲುಪುಡಿಯ ಹಾಲು ಕೊಡುತ್ತಿದ್ದರು. ಮಂಡೆಕೋಲಿನ ಶಾಲೆಯಲ್ಲಿ ಇರಲಿಲ್ಲ. ಎರಡೂ ಕಡೆ ತಿಂಗಳಿಗೊಮ್ಮೆ ತೂಕ ನೋಡಿ ಹಾಲಿನಿಂದ ಪ್ರಯೋಜನವಿದೆಯೇ ಎಂದು ಹೇಳಬೇಕಿತ್ತು. ಇಲ್ಲವೆಂದಾದರೆ ರಾಮಕುಂಜದ ಹಾಲೂ ನಿಲ್ಲುತ್ತಿತ್ತು.

ತೂಕ ನೋಡುತ್ತಿದ್ದವರು ಶೇಷಪ್ಪ ಗೌಡರು. ಮಂಡೆಕೋಲಿನವರೇ, ಓದಿದ್ದು ಎಸ್ಸೆಸ್ಸೆಲ್ಸಿ. ಮಕ್ಕಳೊಡನೆ ಅರೆಭಾಷೆ, ತುಳು, ಮಲಯಾಳ ಯಾವುದರಲ್ಲೂ ಹರಟುತ್ತಿದ್ದರು. ನಾನು ಹೋದರೆ ಅದೇ ಮಕ್ಕಳು ಕೈಕಟ್ಟಿ ನಿಲ್ಲುತ್ತಿದ್ದವು. ನನಗೆ ಹೊಟ್ಟೆಕಿಚ್ಚು. ಲೆಕ್ಕವಾದರೂ ನನ್ನದೆಂಬ ಸಮಾಧಾನವಿತ್ತು.

ವರ್ಷದ ತೂಕ ನೋಡುವುದು ಮಳೆಗಾಲಕ್ಕೆ ಮುಗಿಯಿತು. ಪ್ರತಿ ಶಾಲೆಯ ತಿಂಗಳ ಸರಾಸರಿ ತೂಕವನ್ನು ಗ್ರಾಫಿನಲ್ಲಿಟ್ಟು, ಎರಡು ಗೆರೆಗಳ ಏರಿಕೆಯನ್ನು ಟಿ-ಟೆಸ್ಟ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯಿಂದ ಹೋಲಿಸಿದೆ. ವ್ಯತ್ಯಾಸವಿಲ್ಲ! ಹಾಲು ವ್ಯರ್ಥವೆಂದು ವರದಿ ಬರೆದೆ.

ಶೇಷಪ್ಪನವರು ಗ್ರಾಫ್ ನೋಡಿ ನಕ್ಕರು. "ಎಂತ ಸಾರ್, ನಮ್ಮ ಮಕ್ಕಳು ಹಾಲಿಲ್ಲದೆ ಮಳೆಗಾಲದಲ್ಲಿ ದಪ್ಪ ಆಗುದಾ? ಅವೆಂತ ಕಪ್ಪೆಗಳಾ?"

"ಅಂಕಿ ಹಾಗೆ ಹೇಳ್ತದೆ."

"ಸಣ್ಣವು ಬರುದೇ ಇಲ್ಲ ಮಾರಾಯ್ರೆ! ಹೊಳೆ ತುಂಬಿದರೆ ಆ ಮರದ ಕಾಲುಸಂಕ ದಾಟುದು ಹೇಗೆ? ಬಂದದ್ದು ದೊಡ್ಡವು ಮಾತ್ರ."

ಯಾರೂ ದಪ್ಪವಾಗಿರಲಿಲ್ಲ. ಹಗುರ ಮಕ್ಕಳು ಮನೆಯಲ್ಲುಳಿದು ಸರಾಸರಿ ಏರಿತ್ತು, ಅಷ್ಟೆ. ರಾಮಕುಂಜದ ಶಾಲೆಗೆ ಹೊಳೆಯ ಅಡ್ಡಿಯಿರಲಿಲ್ಲ. ಪದವಿ ಪಡೆದ ನನಗೆ ಹೊಳೆಯದೆ ಹೋದದ್ದು ಅವರಿಗೆ ನೋಡಿದೊಡನೆ ಹೊಳೆದಿತ್ತು. "ನೋಡುವ" ಎಂದಷ್ಟೇ ಹೇಳಿ ಕಡತ ಮುಚ್ಚಿದೆ. ಕೆಲವು ದಿನ ಆ ವರದಿಯನ್ನೇ ಕಳಿಸಿಬಿಡುವ ಯೋಚನೆಯಲ್ಲಿದ್ದೆ. ಎಷ್ಟು ದಿನ ಎಂದು ಈಗ ಖಚಿತವಿಲ್ಲ. ಕಡಿಮೆ ಹೇಳುವ ಆಸೆ ನನಗಿದೆ ಎಂಬುದು ಗೊತ್ತು.

ಕೊನೆಗೆ, ಅವರ ಮಾತು ಸುಳ್ಳಾಗಲಿ ಎಂದು ಹಾರೈಸುತ್ತಲೇ ಮತ್ತೆ ಕೂತೆ. ಈ ಸಲ ಒಂದೊಂದು ಮಗುವಿನದೂ ಬೇರೆ ಗೆರೆ: ಆ ಮಗುವಿನ ತೂಕ ತಿಂಗಳಿಗೆ ಎಷ್ಟು ಏರಿತು ಎಂದು. ಆಮೇಲೆ ಆ ಏರಿಕೆಗಳನ್ನು ಎರಡು ಗುಂಪಾಗಿಸಿ ಹೋಲಿಸಿದೆ. ಟೆಸ್ಟ್ ಅದೇ, ಅದರೊಳಗೆ ಹಾಕಿದ್ದು ಬೇರೆ. ಹಾಲು ಕುಡಿದ ಮಕ್ಕಳು ಸ್ಪಷ್ಟವಾಗಿ ಮುಂದಿದ್ದರು.

"ಮರುಪರಿಶೀಲನೆಯಲ್ಲಿ ನನಗೆ ಕಂಡುಬಂದಂತೆ" ಎಂದು ವರದಿ ಬರೆದೆ. ಮೇಲಧಿಕಾರಿಗಳು ನನ್ನನ್ನು ಹೊಗಳಿದರು. ಹಾಲು ಮುಂದುವರಿಯಿತು, ಮಂಡೆಕೋಲಿಗೂ ಮಂಜೂರಾಯಿತು. ನನ್ನ ಅಂದಿನ ದಿನಚರಿಯಲ್ಲೂ "ನಾನೇ ಕಂಡುಕೊಂಡೆ" ಎಂದಿದೆ. ಅದನ್ನು ನಂಬಬೇಡಿ.

ಶೇಷಪ್ಪನವರು ವರದಿ ಓದಿದರು. ತಮ್ಮ ಹೆಸರಿಲ್ಲದ್ದು ಕಂಡಿರಲೇಬೇಕು. "ನಮ್ಮ ಮಕ್ಕಳಿಗೂ ಸಿಕ್ಕಿತಲ್ಲ ಸಾರ್" ಎಂದು ತಕ್ಕಡಿ ಒರೆಸತೊಡಗಿದರು.

ಟೆಸ್ಟ್ ಆರಿಸುವ ಮೊದಲು ತೂಕ ನೋಡಿದವರನ್ನು ಕೇಳಬೇಕೆಂದು ಆ ಕೆಲಸ ಕಲಿಸಿತು. ಅವರ ಬುದ್ಧಿಯ ಮೇಲಿನ ಹೊಟ್ಟೆಕಿಚ್ಚು ಬೇಗ ಆರಿತು. ಹೊಗಳಿಕೆ ನನಗೆ ಸಿಕ್ಕರೂ ಅಂದು ಅವರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಬರಲಿಲ್ಲವಲ್ಲ, ಆ ಗುಣದ ಮೇಲಿನದು ಇನ್ನೂ ಆರಿಲ್ಲ.