ಆ ಫಾರಂ ಕೊನೆಗೆ ಓದುವವರು ಯಾರು?

೨೦೧೪ರಲ್ಲಿ ನಾನು ಗಲ್ಫಿನ ಅಲ್ ಐನ್‌ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕ್ವಾಲಿಟಿ ಆಫೀಸರ್ ಆಗಿದ್ದೆ. ಚಿಕಿತ್ಸೆಯಲ್ಲಿ ಆದ ತಪ್ಪುಗಳನ್ನು ಕಲೆಹಾಕಿ, ಅವು ಮರುಕಳಿಸದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ಇನ್ಸಿಡೆಂಟ್ ರಿಪೋರ್ಟ್ ಎಂಬ ಫಾರಂ ಇತ್ತು. ಯಾರ ತಪ್ಪು ಕಂಡರೂ ಇಪ್ಪತ್ತನಾಲ್ಕು ಗಂಟೆಯೊಳಗೆ ಬರೆದು ಪೆಟ್ಟಿಗೆಗೆ ಹಾಕಬೇಕು, ಬರೆದರೆ ಯಾರಿಗೂ ಶಿಕ್ಷೆಯಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ಏಳು ವರ್ಷದಿಂದ ಇದನ್ನೇ ಗಿಳಿಪಾಠದಂತೆ ಒಪ್ಪಿಸುತ್ತಿದ್ದೆ.

ಐಸಿಯುವಿನಲ್ಲಿ ಡ್ರೀಟಾ ಎಂಬ ಅಲ್ಬೇನಿಯಾದ ನರ್ಸ್ ಇದ್ದಳು, ಐವತ್ತರ ಹತ್ತಿರದವಳು. ಒಂದು ಬೆಳಿಗ್ಗೆ ಅವಳ ಸಹೋದ್ಯೋಗಿ ಔಷಧ ಹರಿಸುವ ಪಂಪನ್ನು ಗಂಟೆಗೆ ಐದು ಎಂಎಲ್ ಬದಲು ಐವತ್ತಕ್ಕೆ ಇಟ್ಟುಬಿಟ್ಟಿದ್ದಳು. ಡ್ರೀಟಾ ತಕ್ಷಣ ಕಂಡು ಸರಿಪಡಿಸಿದಳು, ಡಾಕ್ಟರಿಗೂ ತಿಳಿಸಿದಳು. ರೋಗಿ ಬಚಾವಾದರು. ಫಾರಂ ಮಾತ್ರ ಬರೆಯಲಿಲ್ಲ. ಎರಡು ದಿನದ ಮೇಲೆ ಡಾಕ್ಟರ ಟಿಪ್ಪಣಿಯಿಂದ ನನಗೆ ವಿಷಯ ಗೊತ್ತಾಯಿತು. ತಪ್ಪು ಮುಚ್ಚಿಟ್ಟವರಿಗೆ ಕಾಂಟ್ರಾಕ್ಟ್ ನವೀಕರಣವಿಲ್ಲ ಎಂಬುದು ನಿಯಮ. ಅವಳ ಕಾಂಟ್ರಾಕ್ಟ್ ಆ ತಿಂಗಳೇ ಮುಗಿಯುವುದಿತ್ತು, ವರದಿ ಕೊಡಬೇಕಾದವಳು ನಾನು.

ಐಸಿಯು ಇನ್‌ಚಾರ್ಜ್, ಉಡುಪಿಯ ವಸಂತಿ, ನನ್ನ ಟೇಬಲ್ಲಿಗೇ ಬಂದಳು. "ಅವಳಷ್ಟು ಜಾಗ್ರತೆಯವಳು ನಮ್ಮಲ್ಲಿ ಇನ್ನೊಬ್ಳಿಲ್ಲ ಮಾರಾಯ್ತಿ. ಒಂದು ಕಾಗದಕ್ಕೆ ಅವಳನ್ನು ಊರಿಗೆ ಕಳಿಸುದಾ? ಎಂತಕ್ಕೆ ಬರೀಲಿಲ್ಲ ಅಂತ ಕರೆದು ಕೇಳು."

ಕೇಳಿದೆ. ಡ್ರೀಟಾ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು: "ನಾನು ನರ್ಸಿಂಗ್ ಕಲಿಯುವಾಗ ಹಾಸ್ಟೆಲಿಗೆ ಪಾರ್ಟಿಯವರು ಬಂದಿದ್ದರು. ನಿನ್ನ ಗೆಳತಿ ಕದ್ದು ವಿದೇಶದ ರೇಡಿಯೊ ಕೇಳುತ್ತಾಳಾ, ಬರೆದುಕೊಡು ಅಂದರು. ಬರೆದೆ. ಬರೆದದ್ದು ನಿಜವೇ. ಅವಳು ಮತ್ತೆ ಕ್ಲಾಸಿಗೆ ಬರಲಿಲ್ಲ."

"ಅದು ಕಮ್ಯುನಿಸ್ಟರ ಕಾಲ. ಈಗ ಎಲ್ಲ ಖಲಾಸ್ ಅಲ್ವಾ?" ಎಂದೆ.

"ಸರ್ಕಾರ ಬಿದ್ದ ದಿನ ಬೀದಿಯಲ್ಲಿ ಕುಣಿದೆವು. ಮರುದಿನ ಬ್ರೆಡ್ಡಿಗೆ ಕ್ಯೂ ನಿಂತರೆ ಹಿಂದೆ ಮುಂದೆ ಅದೇ ಜನ. ಯಾರು ಯಾರ ಬಗ್ಗೆ ಬರೆದಿದ್ದರೋ! ನಿಮ್ಮ ಫಾರಂ ಕೊನೆಗೆ ಓದುವವರು ಯಾರು ಮೇಡಂ?"

"ಕ್ವಾಲಿಟಿ ಕಮಿಟಿ."

"ಆಮೇಲೆ?"

ಕಮಿಟಿ ದಾಟಿ ಆ ಕಾಗದ ಎಲ್ಲಿಗೆ ಹೋಗುತ್ತದೆಂದು ನಾನು ಎಂದೂ ವಿಚಾರಿಸಿರಲಿಲ್ಲ. ಆಡಳಿತ ಬದಲಾದರೆ ಜನರೂ ಬದಲಾಗುತ್ತಾರೆ ಎಂದುಕೊಂಡಿದ್ದೆ. ಪತ್ರಿಕೆಯಲ್ಲಿ ಓದಿದ್ದು ಅಷ್ಟೇ. ಒಬ್ಬರನ್ನೊಬ್ಬರು ನಂಬುವುದನ್ನು ಯಾವ ಹೊಸ ಸರ್ಕಾರವೂ ಕಾನೂನು ಮಾಡಿ ಕೊಡಲಾರದು ಎಂದು ಅಂದು ಹೊಳೆಯಿತು. ಕೆದಕುವುದು ನನ್ನ ಹುಟ್ಟುಗುಣ. ಕಾಗದದ ಬೆನ್ನು ಹತ್ತಿ ಎಚ್‌ಆರ್‌ಗೆ ಹೋದೆ. ಅಲ್ಲಿಯ ಗುಮಾಸ್ತ ಕಪಾಟು ತೆರೆದು ತೋರಿಸಿದ. ಪ್ರತಿ ರಿಪೋರ್ಟಿನ ಒಂದು ನಕಲು, ತಪ್ಪು ಮಾಡಿದವರ ವೈಯಕ್ತಿಕ ಫೈಲಿನಲ್ಲಿತ್ತು! ಕಾಂಟ್ರಾಕ್ಟ್, ವೀಸಾ ನವೀಕರಿಸಬೇಕೇ ಬೇಡವೇ ಎಂದು ನಿರ್ಧರಿಸುವ ಮೊದಲು ತೆರೆಯುವುದು ಅದೇ ಫೈಲನ್ನು.

ಫೈಲಿಗೆ ನಕಲು ಹಾಕುವುದು ನಿಲ್ಲುವವರೆಗೆ ಡ್ರೀಟಾ ಮೇಲೆ ಒಂದಕ್ಷರ ಬರೆಯುವುದಿಲ್ಲ ಎಂದು ಕಮಿಟಿಯಲ್ಲಿ ಹೇಳಿದೆ. ನನ್ನ ಕೆಲಸವೂ ಹೋದೀತೆಂಬ ಅಳುಕು ಇದ್ದೇ ಇತ್ತು. ಮೂರು ಸಭೆಗಳ ನಂತರ ಒಪ್ಪಿದರು. ಹಳೆಯ ನಕಲುಗಳನ್ನು ಸಿಬ್ಬಂದಿಯ ಮುಂದೆಯೇ ಯಂತ್ರಕ್ಕೆ ಕೊಟ್ಟು ಚೂರು ಮಾಡಿಸಿದೆವು. ಡ್ರೀಟಾ ಕೊನೆಯ ಹಾಳೆಯವರೆಗೂ ನಿಂತು ನೋಡಿದಳು. ಆಮೇಲೆ ಒಂದು ಫಾರಂ ಕೇಳಿ ಪಡೆದು, ಆ ಸಹೋದ್ಯೋಗಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಸಾಲನ್ನೂ ಅವಳಿಗೆ ಓದಿ ಹೇಳುತ್ತ ಬರೆದಳು. ಕಾಂಟ್ರಾಕ್ಟ್ ಎರಡು ವರ್ಷಕ್ಕೆ ನವೀಕರಣವಾಯಿತು.

ನಿಜ ಬರೆಯಿರಿ ಎಂದು ಕೇಳುವವರು, ಆ ನಿಜ ಯಾರ ಕೈ ಸೇರುತ್ತದೆಂದು ಮೊದಲು ತಿಳಿದಿರಬೇಕು. ನಾನು ಏಳು ವರ್ಷ ತಿಳಿಯದೆ ಕೇಳಿದೆ. ಡ್ರೀಟಾ ಅಂದು ಹಾಸ್ಟೆಲಿನಲ್ಲಿ ಬರೆದದ್ದು ಒಬ್ಬಳೇ ಗೆಳತಿಯ ಬಗ್ಗೆ. ನನ್ನ ಪೆಟ್ಟಿಗೆಗೆ ಬಿದ್ದ ಫಾರಂಗಳಿಂದ ಎಷ್ಟು ಜನ ಕೆಲಸ ಕಳೆದುಕೊಂಡು ಊರಿಗೆ ಮರಳಿದರೋ, ಹೋಗಿ ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.