ಕೌದಿಯ ಮೂಲೆಯ ರೊಟ್ಟಿ

ನಮ್ಮ ಅವ್ವ ಹೊಲಿದ ಕೌದಿಯ ಒಂದು ಮೂಲೆಯಲ್ಲಿ, ಬೆರಳಾಡಿಸಿದರೆ ಮಾತ್ರ ತಿಳಿಯುವಂಥ ಸಣ್ಣದೊಂದು ಉಬ್ಬು ಇತ್ತು. ಹಳೆಯ ಸೀರೆ, ಧೋತರ, ಲಂಗಗಳ ತುಂಡುಗಳನ್ನು ಜೋಡಿಸಿ ಹೊಲಿದು, ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೊಂದು ಚೂರು ರೊಟ್ಟಿ ಇಡುವುದು ನಮ್ಮ ಮನೆಯ ಪದ್ಧತಿ. ಹೊದ್ದವರನ್ನು ಬೆಚ್ಚಗಿಡುವ ಕೌದಿ ತಾನು ಉಪವಾಸ ಇರಬಾರದಂತೆ. ಚಿಕ್ಕಂದಿನಲ್ಲಿ ಆ ಉಬ್ಬನ್ನು ಹಿಡಿದುಕೊಂಡೇ ನಾನು ನಿದ್ದೆ ಹೋಗುತ್ತಿದ್ದೆ.

ಧಾರವಾಡದಲ್ಲಿ ಹೊಸದಾಗಿ ತೆರೆದ ವಸ್ತುಸಂಗ್ರಹಾಲಯದವರು, ಅವಳಿನಗರದ ಮನೆಮನೆಯ ಬಟ್ಟೆಗಳಿಗೆಂದೇ ಒಂದು ಕೋಣೆ ಮಾಡುತ್ತೇವೆಂದು ಕೇಳಿದಾಗ, ಅವ್ವ ಹೋದ ಮೇಲೆ ಮಡಚಿಟ್ಟಲ್ಲೇ ಇದ್ದ ಕೌದಿಯನ್ನು ಹಿಗ್ಗಿನಿಂದ ಕೊಟ್ಟುಬಂದೆ. ರೊಟ್ಟಿಯ ಮಾತು ಮಾತ್ರ ಎತ್ತಲಿಲ್ಲ. ಎತ್ತಿದರೆ ತೆಗೆದು ಬಿಸಾಡಿಬಿಟ್ಟಾರೆಂಬ ಭಯ.

ಕೊಟ್ಟ ಮೇಲೆ ಶುರುವಾಯಿತು ನೋಡಿ ನನ್ನ ಪೀಕಲಾಟ. ಅವ್ವ ಇದ್ದಾಗ ವರ್ಷವರ್ಷವೂ ಬಿಸಿಲು ಕಂಡ ಕೌದಿ ಈಗ ಗಾಜಿನ ಕಪಾಟಿನಲ್ಲಿ ಬಂದಿ. ರೊಟ್ಟಿಗೆ ಹುಳ ಹತ್ತಿದರೆ? ಹತ್ತಿದ ಹುಳ ಕೌದಿಗಷ್ಟೇ ತೃಪ್ತಿಪಟ್ಟೀತೇ? ವಾರವಾರ ಉಣಕಲ್ಲಿನಿಂದ ಬಸ್ಸು ಹಿಡಿದು ಹೋಗಿ ಗಾಜಿಗೆ ಮೂಗು ತಾಗಿಸಿ ನಿಲ್ಲತೊಡಗಿದೆ. ಕಾವಲುಗಾರ ನನ್ನನ್ನು ದೊಡ್ಡ ಕಲಾರಸಿಕಳೆಂದು ಬಗೆದು ನಮಸ್ಕಾರ ಮಾಡುತ್ತಿದ್ದ. ನಾನು ಹುಡುಕುತ್ತಿದ್ದದ್ದು ಹುಳಗಳನ್ನು.

ಅದೇ ಕಪಾಟಿನಲ್ಲಿ ಕೌದಿಯ ಒಂದು ಬದಿಗೆ ಹಳೇಹುಬ್ಬಳ್ಳಿಯ ಮುಸಲ್ಮಾನರ ಮನೆಯ ಜರಿಯ ಓಢಣಿ. ಇನ್ನೊಂದು ಬದಿಗೆ, ಬೌದ್ಧ ಕುಟುಂಬವೊಂದರಲ್ಲಿ ಮೊಟ್ಟಮೊದಲು ವಕೀಲರಾದವರ ಕಪ್ಪು ಗೌನು. ಈ ಮೂರೂ ಮನೆಯ ಹಿರಿಯರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರಲ್ಲ. ಈಗ ಅವರ ಬಟ್ಟೆಗಳು ಒಂದೇ ಗಾಳಿಯನ್ನು ಹಂಚಿಕೊಂಡು ನಿಂತಿವೆ. ವಸ್ತುಸಂಗ್ರಹಾಲಯವೆಂದರೆ ನೆರೆಹೊರೆಯನ್ನು ಆರಿಸಿಕೊಳ್ಳಲು ಬಾರದ ಓಣಿ ಎಂದು ನನಗೆ ಹೊಳೆದದ್ದು ಆಗ. ಹೊಳೆದದ್ದೇ ತಡ, ಸಂತೋಷಕ್ಕಿಂತ ಮೊದಲು ದಿಗಿಲು: ಓಣಿಯಲ್ಲಿ ಒಬ್ಬರ ಮನೆಯ ಹುಳ ಇನ್ನೊಬ್ಬರ ಮನೆಗೂ ಹೋಗುತ್ತದಲ್ಲ!

ಒಂದು ದಿನ ಗೌನಿನ ಮುಂದೆ ನನ್ನದೇ ವಯಸ್ಸಿನ ಹೆಣ್ಣುಮಗಳೊಬ್ಬರು ನಿಂತಿದ್ದರು. ನನ್ನನ್ನು ಕಂಡು ತಾವಾಗಿಯೇ ಮಾತಿಗೆಳೆದರು.

“ನಮ್ಮ ಅಪ್ಪಾರದ್ರಿ ಇದು. ಮನ್ಯಾಗ ಟ್ರಂಕಿನ್ಯಾಗ ಇಟ್ಟಿದ್ವಿ, ತೋಳಿಗೆ ಹುಳ ಹತ್ತಾಕತ್ತಿತ್ತು. ಇಲ್ಲೆ ಜ್ವಾಕ್ಯಾಗಿ ಇರತೈತಿ ಅಂತ ಕೊಟ್ಟೇವ್ರಿ.”

ಬಟ್ಟೆಗಳನ್ನು ನೋಡಿಕೊಳ್ಳುವ ಅಧಿಕಾರಿಯ ಕೋಣೆಗೆ ನೆಟ್ಟಗೆ ನಡೆದೆ. ರೊಟ್ಟಿಯ ಮಾತು ಕೇಳಿ, ಅಧಿಕಾರಿಯಾಗಿದ್ದ ಆ ತರುಣಿ ಹಣೆ ಹಣೆ ಬಡಿದುಕೊಂಡಳು.

“ಅಯ್ಯ, ಮೊದಲ ಹೇಳೂದಲ್ಲೇನ್ರಿ ಬಾಯಾರ? ಮೂಲಿ ಬಿಚ್ಚಬೇಕಾಗತೈತಿ.”

“ನಾನ ಬಿಚ್ಚತೇನಿ,” ಎಂದೆ.

ಅವ್ವನ ಹೊಲಿಗೆ ಸುಲಭಕ್ಕೆ ಬಿಡಲಿಲ್ಲ. ಬಿಚ್ಚಿದಾಗ ಸಿಕ್ಕಿದ್ದು ಒಂದು ಚಿಟಿಕೆ ಕಂದು ಹಿಟ್ಟು. ಪುಣ್ಯಕ್ಕೆ ಹುಳವಿನ್ನೂ ಬಂದಿರಲಿಲ್ಲ. ಬದಲಿಗೆ ಬೇರೇನಾದರೂ ಇಡಲೇ ಎಂದರೆ, “ತಿನ್ನೂದು ಏನೂ ಬ್ಯಾಡ್ರಿ,” ಎಂದಳು. ಖಾಲಿ ಮೂಲೆಯನ್ನೇ ಹೊಲಿದೆ. ಕಣ್ಣು ತುಂಬಿದ್ದವು, ಮುಚ್ಚಿಡುವುದೇನು.

ಗರಗದಲ್ಲಿರುವ ಅಕ್ಕನಿಗೆ ಹೆದರುತ್ತಲೇ ಫೋನು ಮಾಡಿದೆ.

“ಅವ್ವನ ಕೌದಿ ಉಪವಾಸ ಕೆಡವಿ ಬಂದೆ ಅಕ್ಕಾ. ಬಾಜೂಕ ಮಂದಿ ಅರಿವಿ ಅದಾವು, ಅವು ಉಳೀಲಿ ಅಂತ.”

ಅಕ್ಕ ಬೈಯುತ್ತಾಳೆಂದು ಕಾದೆ. ಬೈಯುವ ಬದಲು ಅವಳು ಕೇಳಿದಳು: “ಮಂದಿ ಮನಿಗೆ ಬಂದಾಗ ಅವ್ವ ಏನ ಮಾಡತಿದ್ಲು? ತನ್ನ ಪಾಲಿನ ರೊಟ್ಟಿನೂ ಅವರ ತಾಟಿಗೆ ಹಾಕಿ, ನಂದು ಊಟ ಆಗೇತಿ ಅಂತಿದ್ಲು. ಅಕಿ ಕೌದಿ ಬ್ಯಾರೆ ಮಾಡತೈತೇನು?”

ವಾರವಾರ ಈಗಲೂ ಹೋಗುತ್ತೇನೆ. ಅಂಜಿಕೆ ಅಷ್ಟು ಬೇಗ ಬಿಡುವ ಪೈಕಿಯಲ್ಲ. ಮೊದಲು ನೋಡುವುದು ಗೌನಿನ ತೋಳನ್ನು. ಅದು ನೆಟ್ಟಗಿದೆ ಎಂದಾದ ಮೇಲೆ, ಕೌದಿಯ ಆ ಚಪ್ಪಟೆ ಮೂಲೆಯನ್ನು.